ಹೊರೆಗೆ ತಕ್ಕ ಹಲ್ಲು

2006-07ರಿಂದ ಸರ್ಕಾರ ಎಂಟನೇ ತರಗತಿಯವರಿಗೆ ಕೊಡತೊಡಗಿದ ಸೈಕಲ್ಲುಗಳಿಗೆ ಇದ್ದುದು ಒಂದೇ ಗೇರ್. ಗುರುಗುಂಟಾದಂಥ ಊರಿನಲ್ಲಿ ಸೈಕಲ್ ಸವಾರಿಗಷ್ಟೇ ಅಲ್ಲ. ಕೊಡ, ಮೇವು, ಚೀಲಗಳನ್ನೂ ಹೊರುತ್ತದೆ. ಆ ಒಂದು ಗೇರ್ ಯಾವ ಹೊರೆಗೆ ತಕ್ಕದ್ದು ಎಂಬುದೇ ಪ್ರಶ್ನೆ.

ಮುಂದೆ 44, ಹಿಂದೆ 18 ಹಲ್ಲು, 28 ಇಂಚಿನ ಗಾಲಿ ಇರುವ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಸಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಇದು ಸರಿ. ಸವಾರನೂ ಸೇರಿ 120 ಕಿಲೋಗ್ರಾಂ ತೂಕವಿದ್ದು, ರಸ್ತೆ 100 ಮೀಟರಿಗೆ 3 ಮೀಟರ್ ಏರಿದರೆ, ಆ ಏರಿಗಾಗಿಯೇ ಪೆಡಲಿನ ಮೇಲೆ ಸರಾಸರಿ 175 ನ್ಯೂಟನ್ ಬಲ ಬೇಕು. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ 145 ಸಾಕು. ಮಾಡುವ ಕೆಲಸ ಕಡಿಮೆಯಾಗದು, ವೇಗ ತಗ್ಗುತ್ತದೆ. ಆದರೆ ಇಳಿದು ತಳ್ಳುವುದು ತಪ್ಪೀತು.

ಹೊರೆ ಹೊರುವವರಿಗೂ ಹೊರದವರಿಗೂ ಒಂದೇ ಅನುಪಾತ ಕೊಡುವುದು ವಿನ್ಯಾಸದ ಲೋಪ. ತರಗತಿಯಲ್ಲಿ ಗೇರಿನ ಪಾಠ ಮಕ್ಕಳ ಸೈಕಲ್ಲಿನ ಹಲ್ಲು ಎಣಿಸುವುದರಿಂದಲೇ ಆರಂಭವಾಗಲಿ.