ವಾಗ್ಭಟನ ಅರ್ಧ

ಬೆಳಿಗ್ಗೆ ಐದಕ್ಕೆ ಏಳುವವರದೇ ಒಂದು ಹೊಸ ಮತ ಈಚೆಗೆ ಬೆಳೆದಿದೆ. ರಾಬಿನ್ ಶರ್ಮಾ ಅವರ ‘ದಿ ಫೈವ್ ಎಎಂ ಕ್ಲಬ್’ 2018ರಲ್ಲಿ ಬಂದ ಮೇಲೆ ಅದಕ್ಕೊಂದು ಗ್ರಂಥವೂ ಸಿಕ್ಕಿತು. ನಮ್ಮವರಿಗೆ ಅಷ್ಟು ಸಾಲದೆ ಪುರಾತನ ಪ್ರಮಾಣವೊಂದು ಬೇಕಾಯಿತು. ಆಯುರ್ವೇದದ ವಾಗ್ಭಟನನ್ನು ಹಿಡಿದು ತಂದರು. ಅವನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದ ಎರಡನೆಯ ಅಧ್ಯಾಯ ದಿನಚರ್ಯೆ. ಅದರ ಮೊದಲ ಶ್ಲೋಕದ ಮೊದಲ ಅರ್ಧ ಈಗ ಆರೋಗ್ಯ ಶಿಬಿರಗಳ ಫ್ಲೆಕ್ಸ್ ಮೇಲಿದೆ, ಕಂಪನಿಗಳ ವೆಲ್‌ನೆಸ್ ಕಾರ್ಯಕ್ರಮದ ಸ್ಲೈಡಿನಲ್ಲಿದೆ, ವಾಟ್ಸ್‌ಆ್ಯಪ್‌ನ ಶುಭೋದಯಗಳಲ್ಲಿದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳು, ಆಯುಸ್ಸು ಉಳಿಸಿಕೊ. ಇಡೀ ಅಧ್ಯಾಯದಲ್ಲಿ ತೀರಾ ಸಾಧಾರಣವಾದ ಮಾತು ಇದು. ಯಾವ ಹಳ್ಳಿಯ ಅಜ್ಜಿಯಾದರೂ ಹೇಳುತ್ತಿದ್ದಳು. ವಾಗ್ಭಟ ದೊಡ್ಡವನಾಗುವುದು ಇಲ್ಲಲ್ಲ. ಅವನು ದೊಡ್ಡವನಾಗುವ ಜಾಗವನ್ನು ಈ ಭಕ್ತರು ಓದಿಲ್ಲ, ಇಲ್ಲವೇ ಓದಿಯೂ ಬೇಕೆಂದೇ ದಾಟಿದ್ದಾರೆ.

ವಾಗ್ಭಟ ಬೌದ್ಧನೋ ವೈದಿಕನೋ, ‘ಅಷ್ಟಾಂಗಸಂಗ್ರಹ’ವನ್ನೂ ‘ಹೃದಯ’ವನ್ನೂ ಬರೆದವನು ಒಬ್ಬನೇನೋ, ಕಾಲ ಏಳನೆಯ ಶತಮಾನವೋ ಅದಕ್ಕೂ ಹಿಂದೋ ಎಂಬ ಜಗಳಗಳು ಬಲ್ಲವರಿಗೆ ಗೊತ್ತಿರುವಂಥವೇ. ಅವು ಹಾಗೇ ಇರಲಿ. ಪಠ್ಯವನ್ನು ನೋಡೋಣ. ಆ ಪ್ರಸಿದ್ಧ ಶ್ಲೋಕ, ಏಳಬೇಕಾದವನು ಯಾರು ಎಂದು ಹೇಳಿಯೇ ಮುಂದಕ್ಕೆ ಹೋಗುತ್ತದೆ: ಸ್ವಸ್ಥನಾದವನು. ಆರೋಗ್ಯವಾಗಿರುವವನು ಬೆಳಗಿನ ಜಾವ ಏಳಲಿ ಎಂಬುದು ಒಂದು ಮಾತು. ಬೆಳಗಿನ ಜಾವ ಎದ್ದರೆ ಆರೋಗ್ಯ ಬರುತ್ತದೆ ಎಂಬುದು ಬೇರೆಯೇ ಮಾತು. ಫ್ಲೆಕ್ಸ್ ಬರೆಸುವವರು ಮೊದಲನೆಯದನ್ನು ಓದಿ ಎರಡನೆಯದನ್ನು ಮಾರುತ್ತಿದ್ದಾರೆ. ಎದ್ದವನ ಮೊದಲ ಕೆಲಸವೂ ಓಟವಲ್ಲ, ದಿನದ ಗುರಿ ಬರೆದುಕೊಳ್ಳುವುದೂ ಅಲ್ಲ. ತನ್ನ ಮೈಯ ವಿಚಾರ. ರಾತ್ರಿ ಉಂಡದ್ದು ಅರಗಿದೆಯೇ ಇಲ್ಲವೇ ಎಂದು ನೋಡಿಕೊಳ್ಳುವುದು ಎಂದು ವೈದ್ಯ ಪರಂಪರೆ ಇದಕ್ಕೆ ಅರ್ಥ ಹೇಳುತ್ತದೆ.

ರಾತ್ರಿಯ ಹದಿನೈದು ಮುಹೂರ್ತಗಳಲ್ಲಿ ಬ್ರಾಹ್ಮೀ ಮುಹೂರ್ತ ಹದಿನಾಲ್ಕನೆಯದು. ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ತೊಡಗಿ 48 ನಿಮಿಷ ಇರುತ್ತದೆ. ಬೆಂಗಳೂರಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿದರೆ ಅದು ಕಾಲಕ್ಕೆ ತಕ್ಕಂತೆ ನಾಲ್ಕೂಕಾಲರಿಂದ ಐದೂ ಹತ್ತರೊಳಗೆ ಶುರುವಾಗುತ್ತದೆ. ಅಮೆರಿಕದ ಕ್ಲೈಂಟ್ ಜೊತೆ ರಾತ್ರಿ ಹನ್ನೊಂದೂವರೆಯ ತನಕ ಮಾತಾಡಿ, ಉಂಡು, ಹನ್ನೆರಡೂವರೆಗೆ ಮಲಗಿದವನು ಆ ಹೊತ್ತಿಗೆ ಏಳಬೇಕೇ? ಅಮೆರಿಕದ ನಿದ್ರಾ ವೈದ್ಯರ ಸಂಘ 2015ರಲ್ಲಿ ಹೇಳಿದ್ದು ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕೆಂದು. ಅಷ್ಟು ದೂರ ಹೋಗಬೇಕಿಲ್ಲ. ವಾಗ್ಭಟನೇ ಇದೇ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾನೆ: ರಾತ್ರಿ ನಿದ್ದೆಗೆಟ್ಟವನು ಕೆಟ್ಟ ನಿದ್ದೆಯ ಅರ್ಧದಷ್ಟನ್ನು ಬೆಳಿಗ್ಗೆ, ಏನೂ ತಿನ್ನುವ ಮೊದಲು, ಮಲಗಿ ತೀರಿಸಬೇಕು. ಸುಖ ದುಃಖ, ಪುಷ್ಟಿ ಕೃಶತೆ, ಬಲ ದೌರ್ಬಲ್ಯ ಎಲ್ಲವೂ ನಿದ್ದೆಯ ಅಧೀನ ಎಂದೂ ಅಲ್ಲೇ ಇದೆ. ಆ ಶ್ಲೋಕವನ್ನು ಫ್ಲೆಕ್ಸ್ ಮೇಲೆ ಯಾರೂ ಬರೆಸಿಲ್ಲ. ಬರೆಸಿದರೆ ಬೆಳಗಿನ ಶಿಬಿರಕ್ಕೆ ಅರ್ಧ ಜನ ಬರುವುದಿಲ್ಲವಲ್ಲ.

ಈ ‘ಅರ್ಧ’ ವಾಗ್ಭಟನಲ್ಲಿ ಮತ್ತೆ ಮತ್ತೆ ಬರುತ್ತದೆ. ಎಂಟನೆಯ ಅಧ್ಯಾಯದಲ್ಲಿ ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ ಕೊಟ್ಟು, ಉಳಿದ ಒಂದನ್ನು ಗಾಳಿ ಆಡಲು ಖಾಲಿ ಬಿಡುತ್ತಾನೆ. ಆದರೆ ಅವನ ನಿಜವಾದ ಅರ್ಧ ಇರುವುದು ದಿನಚರ್ಯೆಯ ವ್ಯಾಯಾಮದ ಶ್ಲೋಕಗಳಲ್ಲಿ. ನಾಲ್ಕೈದು ಶ್ಲೋಕ, ಅಷ್ಟೆ. ಅವಸರದಲ್ಲಿ ಓದಿದರೆ ಕೈತಪ್ಪಿ ಹೋಗುತ್ತದೆ.

ವ್ಯಾಯಾಮದಿಂದ ಬರುವ ಫಲಗಳನ್ನು ಮೊದಲು ಎಣಿಸುತ್ತಾನೆ: ಮೈ ಹಗುರಾಗುವುದು, ಕೆಲಸ ಮಾಡುವ ಸಾಮರ್ಥ್ಯ, ಹಸಿವಿನ ಚುರುಕು, ಕೊಬ್ಬು ಕರಗುವುದು, ಅಂಗಾಂಗ ಬಿಗಿಯಾಗಿ ರೂಪ ತಳೆಯುವುದು. ಆಮೇಲೆ ಯಾರು ಮಾಡಬಾರದು ಎಂಬುದು. ಅದಾದ ಮೇಲೆ ಅರ್ಧಶಕ್ತಿಯ ಮಾತು. ಇದನ್ನು ಸಾಮಾನ್ಯವಾಗಿ ಕೈಲಾಗದವರಿಗೆ ಕೊಟ್ಟ ರಿಯಾಯಿತಿ ಎಂದು ಓದುತ್ತಾರೆ. ಪೂರ್ತಿ ಆಗದಿದ್ದರೆ ಅರ್ಧವಾದರೂ ಮಾಡಿ ಎಂಬಂತೆ. ಶ್ಲೋಕ ಹೇಳುವುದು ತದ್ವಿರುದ್ಧ. ಅರ್ಧಶಕ್ತಿಯ ವ್ಯಾಯಾಮ ವಿಧಿಸಿರುವುದು ಬಲವಂತರಿಗೆ; ಅದರಲ್ಲೂ ತುಪ್ಪ ಎಣ್ಣೆಯ ಜಿಡ್ಡೂಟ ಉಣ್ಣುವವರಿಗೆ; ಅದರಲ್ಲೂ ಚಳಿಗಾಲ ಮತ್ತು ವಸಂತದಲ್ಲಿ. ಬೇರೆ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ. ಉಂಡು ತಿಂದು ಗಟ್ಟಿಯಾಗಿರುವ ಮನುಷ್ಯನಿಗೆ, ವರ್ಷದ ಅತ್ಯಂತ ಅನುಕೂಲದ ಕಾಲದಲ್ಲಿ, ಅರ್ಧವೇ ಮೇಲಿನ ಮಿತಿ. ಅಲ್ಲಿಂದ ಕೆಳಗೆ ಮಾತ್ರ ದಾರಿ ಇದೆ.

ಅರ್ಧವೇ ಏಕೆ? ವಾಗ್ಭಟ ಕಾರಣ ಹೇಳುವುದಿಲ್ಲ. ಕಾರಣ ಫಲಗಳ ಪಟ್ಟಿಯಲ್ಲೇ ಇದೆ ಎಂದು ನನ್ನ ಓದು. ಹಗುರತನವಾದ ಕೂಡಲೇ ಎರಡನೆಯ ಫಲವಾಗಿ ಅವನು ಇಟ್ಟಿರುವುದು ಕೆಲಸದ ಸಾಮರ್ಥ್ಯವನ್ನು; ಅಂಗಸೌಷ್ಠವ ಕೊನೆಗೆ ಬರುತ್ತದೆ. ದಿನ ಇನ್ನೂ ಮುಂದಿದೆ, ಮಾಡಬೇಕಾದ್ದೆಲ್ಲ ಬಾಕಿ ಇದೆ. ಕೆಲಸಕ್ಕೆ ಮೈಯನ್ನು ಸಿದ್ಧಮಾಡಲು ಹೊರಟ ವ್ಯಾಯಾಮ ಆ ಶಕ್ತಿಯನ್ನೇ ಖರ್ಚು ಮಾಡಿಬಿಟ್ಟರೆ ಲೆಕ್ಕ ತಪ್ಪಿದಂತೆ. ಉಳಿದರ್ಧ ದಿನಕ್ಕೆ ಸೇರಿದ್ದು. ಇವತ್ತಿನ ಜಿಮ್‌ನ ತರ್ಕದಲ್ಲಿ ವ್ಯಾಯಾಮವೇ ದಿನದ ಸಾಧನೆ, ಉಳಿದದ್ದು ಅದರ ಸುಸ್ತು. ಬೆಳಿಗ್ಗೆ ತೂಕ ಎತ್ತಿ ಮಧ್ಯಾಹ್ನ ಮೀಟಿಂಗಿನಲ್ಲಿ ತೂಕಡಿಸುವವನು ಆ ತರ್ಕದ ಪ್ರಕಾರ ಗೆದ್ದಿರುತ್ತಾನೆ. ಸ್ನಾಯು ಬೆಳೆಯಬೇಕಾದರೆ ಅದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ದುಡಿಸಬೇಕು ಎಂಬುದು ನಿಜ; ಓಟಗಾರನಿಗೆ, ಪೈಲ್ವಾನನಿಗೆ ಅರ್ಧಶಕ್ತಿ ಸಾಲದು. ವಾಗ್ಭಟ ಅವರಿಗಾಗಿ ಬರೆದಿಲ್ಲ. ಬೇರೆ ಕೆಲಸವಿರುವವರಿಗಾಗಿ ಬರೆದಿದ್ದಾನೆ.

ಅರ್ಧವನ್ನು ಅಳೆಯುವುದು ಹೇಗೆ? ಇದಕ್ಕೆ ಸುಶ್ರುತನ ಕಡೆಗೆ ತಿರುಗಬೇಕು. ತನ್ನ ಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯದಲ್ಲಿ ಅವನು ಗುರುತು ಕೊಡುತ್ತಾನೆ: ವ್ಯಾಯಾಮ ಮಾಡುತ್ತಿರುವಾಗ ಎದೆಯೊಳಗಿನ ಗಾಳಿ ಬಾಯಿಗೆ ಬಂದರೆ ಅದು ಬಲದ ಅರ್ಧ. ಬಾಯಿಂದ ಉಸಿರಾಡತೊಡಗಿದೆಯಾ, ನಿಲ್ಲಿಸು. ಯಂತ್ರ ಬೇಡ, ಕೈಗಡಿಯಾರ ಬೇಡ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂಬಷ್ಟು ದುಡಿದರೆ ಅದು ಮಧ್ಯಮ ವ್ಯಾಯಾಮ ಎಂದು ಇವತ್ತಿನ ತರಬೇತುದಾರರು ಹೇಳುವುದು ಇದರ ಆಸುಪಾಸಿನಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷ ಎಂದದ್ದೂ ಮಧ್ಯಮ ವ್ಯಾಯಾಮಕ್ಕೇ. ‘ನೋಡಿ, ನಮ್ಮವರು ಆಗಲೇ ಹೇಳಿದ್ದರು’ ಎಂದು ಯಾರೂ ಕುಣಿಯಬೇಕಿಲ್ಲ. ಎರಡೂ ಒಂದೇ ಅಲ್ಲ. ಆದರೆ ಮೈಯ ಮಿತಿಯನ್ನು ಮೈಯಿಂದಲೇ ಕೇಳಿ ತಿಳಿಯುವ ರೀತಿ ಎರಡರಲ್ಲೂ ಇದೆ.

ಮಿತಿ ಮೀರಿದರೆ ಏನಾಗುತ್ತದೆ ಎಂಬ ಪಟ್ಟಿ ಬಾಯಾರಿಕೆ, ಕ್ಷಯ, ಉಬ್ಬಸದಿಂದ ಶುರುವಾಗಿ ಜ್ವರ, ವಾಂತಿಯವರೆಗೆ ಹೋಗುತ್ತದೆ. ಆಮೇಲೆ ಬರುತ್ತದೆ ಅಧ್ಯಾಯದ ಅತ್ಯುತ್ತಮ ಶ್ಲೋಕ. ಅತಿಯಾದ ವ್ಯಾಯಾಮ, ರಾತ್ರಿ ಎಚ್ಚರ, ನಡಿಗೆ, ಸಂಭೋಗ, ನಗು, ಮಾತು — ಇವನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ, ಇವುಗಳಲ್ಲಿ ಸಾಹಸ ಮಾಡುವವನು ಆನೆಯನ್ನು ಎಳೆಯ ಹೊರಟ ಸಿಂಹದ ಹಾಗೆ ನಾಶವಾಗುತ್ತಾನೆ ಎನ್ನುತ್ತಾನೆ. ಸಿಂಹ ಸೋತದ್ದರಿಂದ ಸಾಯುವುದಿಲ್ಲ. ಆನೆಯನ್ನು ಕೊಂದದ್ದಾಗಿದೆ. ಗೆದ್ದದ್ದನ್ನು ಎಳೆದೊಯ್ಯಲು ಹೋಗಿ ಸಾಯುತ್ತದೆ. ಇನ್ನು ಆ ಸಾಲನ್ನೇ ನೋಡಿ: ವ್ಯಾಯಾಮವೂ ನಿದ್ದೆಗೇಡೂ ಅಕ್ಕಪಕ್ಕ ನಿಂತಿವೆ. ನಿದ್ದೆ ಬಿಟ್ಟು ವ್ಯಾಯಾಮ ಮಾಡುವುದನ್ನು ಶಿಸ್ತು ಎಂದು ಹೊಗಳುವ ಕಾಲಕ್ಕೆ ಇದು ಒಗ್ಗುವ ಮಾತಲ್ಲ. ಅದಕ್ಕೇ ಮೊದಲ ಶ್ಲೋಕ ಮೆರೆದಾಡುತ್ತಿದೆ, ಇದು ಮೂಲೆ ಸೇರಿದೆ.

ಇಲ್ಲಿಗೆ ಭಕ್ತರ ಮಾತು ಸಾಕು. ಎದುರು ಪಾಳಯದವರು ನನಗೆ ಇನ್ನೂ ಹೆಚ್ಚು ಕಿರಿಕಿರಿ ಮಾಡುತ್ತಾರೆ. ದಿನಚರ್ಯೆ ಎಂಬುದು ಬಿಡುವಿದ್ದ ಗಂಡಸಿನ ಶೃಂಗಾರ, ದುಡಿಯುವವರಿಗೆ ಇದರಲ್ಲಿ ಏನೂ ಇಲ್ಲ ಎಂದು ಒಂದು ವಾಕ್ಯದಲ್ಲಿ ಮುಗಿಸುವ ಪ್ರಗತಿಪರ ವಿಮರ್ಶಕರು ಇವರು. ಅವರ ಆಧಾರ ‘ಕಾಮಸೂತ್ರ’ದ ನಾಗರಕವೃತ್ತ, ಅಂದರೆ ಪಟ್ಟಣದ ರಸಿಕನ ದಿನಚರಿ ಹೇಳುವ ಅಧ್ಯಾಯ. ಹೋಲಿಕೆ ಇರುವುದು ಹೌದು. ಅಲ್ಲೂ ಹಲ್ಲುಜ್ಜುವುದಿದೆ, ತಾಂಬೂಲವಿದೆ, ನಿತ್ಯಸ್ನಾನವಿದೆ, ದಿನ ಬಿಟ್ಟು ದಿನ ಮೈ ತಿಕ್ಕಿಸಿಕೊಳ್ಳುವುದಿದೆ. ಆದರೆ ಹೋಲಿಸುವವರು ಎರಡೂ ದಿನಗಳನ್ನು ಕೊನೆಯವರೆಗೆ ನಡೆದು ನೋಡಬೇಕಿತ್ತು. ನಾಗರಕನ ಊಟವಾದ ಮೇಲೆ ಬರುವುದು ಗಿಣಿಗೆ ಮಾತು ಕಲಿಸುವುದು, ಲಾವಕ್ಕಿ, ಕೋಳಿ, ಟಗರುಗಳ ಕಾಳಗ. ವಾಗ್ಭಟನ ಊಟವಾದ ಮೇಲೆ ಬರುವುದು ಜೀವನೋಪಾಯವಿಲ್ಲದವರಿಗೆ, ರೋಗಿಗಳಿಗೆ, ಶೋಕದಲ್ಲಿರುವವರಿಗೆ ಶಕ್ತಿಗೆ ತಕ್ಕಂತೆ ನೆರವಾಗುವುದು. ಕೀಟ, ಇರುವೆಗಳನ್ನೂ ತನ್ನಂತೆಯೇ ಕಾಣುವುದು. ಬೆಳಗು ಒಂದೇ ಥರ ಇದ್ದ ಮಾತ್ರಕ್ಕೆ ಎರಡು ಬದುಕುಗಳು ಒಂದೇ ಆಗುವುದಿಲ್ಲ.

ಇನ್ನು ವರ್ಗದ ಪ್ರಶ್ನೆ. ಅದು ಅವರು ಕೇಳುವುದಕ್ಕಿಂತ ಗಟ್ಟಿಯಾದ ಪ್ರಶ್ನೆ. ನೀರು ಕಾಯಿಸಿದವರು ಯಾರು, ಎಣ್ಣೆ ಹಚ್ಚಿದವರು ಯಾರು ಎಂದು ಅಧ್ಯಾಯ ಹೇಳುವುದಿಲ್ಲ; ಹೆಂಗಸಿನ ದಿನಚರ್ಯೆ ಅದರಲ್ಲಿ ಇಲ್ಲವೇ ಇಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಬ್ರಾಹ್ಮೀ ಮುಹೂರ್ತದ ಹೊತ್ತಿಗೆ ಹೂವಿನ ವ್ಯಾಪಾರ ಜೋರಾಗಿರುತ್ತದೆ. ಹಾಲಿನವರು, ಪೇಪರ್ ಹಾಕುವ ಹುಡುಗರು ಎದ್ದಿರುತ್ತಾರೆ. ಅವರಿಗೆ ಯಾರೂ ಆಯುಸ್ಸಿನ ಭರವಸೆ ಕೊಟ್ಟಿಲ್ಲ. ಇಷ್ಟು ಒಪ್ಪಿದ ಮೇಲೂ ವಿಮರ್ಶಕರ ತೀರ್ಮಾನ ತಪ್ಪು ಎನ್ನುತ್ತೇನೆ. ಮೂಟೆ ಹೊರುವವನಿಗೆ ಉಸಿರು ಬಾಯಿಗೆ ಬಂದಾಗ ನಿಲ್ಲುವ ಸ್ವಾತಂತ್ರ್ಯವಿಲ್ಲ. ಹಾಗಿದ್ದರೆ ಅರ್ಧಶಕ್ತಿಯ ಶ್ಲೋಕ ಅವನಿಗೆ ಅಪ್ರಸ್ತುತವಾಗುತ್ತದೆಯೋ, ಅವನಿಂದ ಏನನ್ನು ಕಿತ್ತುಕೊಳ್ಳಲಾಗಿದೆ ಎಂದು ಎತ್ತಿ ತೋರಿಸುತ್ತದೆಯೋ? ಪಠ್ಯವನ್ನು ಬಿಸಾಡಿದರೆ ಆ ಅಳತೆಗೋಲೂ ಹೋಗುತ್ತದೆ.

ದೋಷಗಳಿಲ್ಲವೇ? ಇವೆ. ಮುದುಕರು ವ್ಯಾಯಾಮ ಬಿಡಬೇಕು ಎನ್ನುತ್ತಾನೆ. ಇದನ್ನು ಇವತ್ತು ಯಾರೂ ಪಾಲಿಸಬಾರದು. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿದ್ದು ಸೊಂಟ ಮುರಿದುಕೊಂಡ ಹಿರಿಯರಿರುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಂಬೂಲವನ್ನು ಬೆಳಗಿನ ವಿಧಿಗಳ ನಡುವೆ ಇಡುತ್ತಾನೆ. ಗಾಯವಾದವರಿಗೆ, ರಕ್ತಪಿತ್ತದವರಿಗೆ, ಮೂರ್ಛೆ ಬರುವವರಿಗೆ ಬೇಡ ಎಂಬ ನಿಷೇಧ ಇದೆ ನಿಜ. ಆದರೆ ತಂಬಾಕು ಇಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಕೂತು ಇದನ್ನು ಬರೆಯುವುದು ಸುಖದ ಕೆಲಸವಲ್ಲ.

ಮಾಡಬಾರದವರ ಪಟ್ಟಿಗಳನ್ನು ಮಾತ್ರ ದೋಷವೆಂದು ಎಣಿಸಲಾರೆ. ಹಲ್ಲುಕಡ್ಡಿ ಯಾರಿಗೆ ಬೇಡ, ಎಣ್ಣೆ ಯಾರಿಗೆ ಬೇಡ, ಸ್ನಾನ ಯಾರಿಗೆ ಬೇಡ ಎಂದು ಹೆಜ್ಜೆ ಹೆಜ್ಜೆಗೂ ನಿಂತು ಹೇಳುತ್ತಾನೆ. ಅಜೀರ್ಣವಾಗಿದೆಯೇ, ಇವತ್ತು ಇವೆಲ್ಲ ಬಿಡು. ಎಲ್ಲರಿಗೂ ಒಂದೇ ದಿನಚರಿ ಕೊಡುವ ಯಾವ ಆ್ಯಪಿಗೂ ಈ ವಿವೇಕ ಬಂದಿಲ್ಲ.

ನಮ್ಮ ಕಿರುಪುಸ್ತಕಗಳು ಅಧ್ಯಾಯವನ್ನು ಸ್ನಾನಕ್ಕೆ ಮುಗಿಸಿಬಿಡುತ್ತವೆ. ಅಲ್ಲಿಗೆ ಇನ್ನೂ ಅರ್ಧವೂ ಆಗಿರುವುದಿಲ್ಲ. ಎಲ್ಲ ಜೀವಿಗಳ ಓಡಾಟವೂ ಸುಖಕ್ಕಾಗಿ, ಸುಖ ಧರ್ಮವಿಲ್ಲದೆ ಇಲ್ಲ ಎಂದು ತೊಡಗಿ ಹಿಂಸೆ, ಕಳವು, ಚಾಡಿ, ಬಿರುನುಡಿ, ಸುಳ್ಳು, ಹುರುಳಿಲ್ಲದ ಹರಟೆ ಸೇರಿದ ಹತ್ತು ಪಾಪಗಳನ್ನು ಎಣಿಸುತ್ತಾನೆ. ಬೌದ್ಧರ ಹತ್ತು ಅಕುಶಲ ಕರ್ಮಗಳು ಇವೇ. ಇಂದ್ರಿಯಗಳನ್ನು ಪೀಡಿಸಬೇಡ, ಅತಿಯಾಗಿ ಮುದ್ದು ಮಾಡಲೂ ಬೇಡ. ಎಲ್ಲದರಲ್ಲೂ ನಡುದಾರಿ ಹಿಡಿ. ವ್ಯಾಯಾಮದ ಅರ್ಧ ಇಲ್ಲಿ ಇಡೀ ಬದುಕಿನ ಅರ್ಧವಾಗಿದೆ. ಕೊನೆಗೆ, ನನ್ನ ಹಗಲು ರಾತ್ರಿಗಳು ಈಗ ಯಾವ ರೀತಿ ಕಳೆಯುತ್ತಿವೆ ಎಂದು ನಿತ್ಯವೂ ನೆನೆಯುವವನು ದುಃಖಕ್ಕೆ ಪಾಲುದಾರನಾಗುವುದಿಲ್ಲ ಎನ್ನುತ್ತಾನೆ. ಫ್ಲೆಕ್ಸ್‌ಗೆ ಒಂದೇ ಶ್ಲೋಕ ಬೇಕಿದ್ದರೆ ಇದು ಯಾಕಾಗಬಾರದು?

ಕಂಪನಿಗಳಿಗಾದರೆ ಇನ್ನೊಂದನ್ನು ಸೂಚಿಸುತ್ತೇನೆ. ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ತಡೆಯಬಾರದ ಹದಿಮೂರು ವೇಗಗಳ ಪಟ್ಟಿ ಇದೆ: ಮಲ, ಮೂತ್ರ, ಸೀನು, ಬಾಯಾರಿಕೆ, ಹಸಿವು, ನಿದ್ದೆ, ಆಕಳಿಕೆ, ಕಣ್ಣೀರು ಎಲ್ಲ ಅದರಲ್ಲಿವೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳು ಎನ್ನುವುದು ನೌಕರನಿಗೆ ಹೇಳುವ ಮಾತು; ಮಾಲೀಕನಿಗೆ ಬಿಡಿಗಾಸು ಖರ್ಚಿಲ್ಲ. ವೇಗಗಳ ಈ ಪಟ್ಟಿಯನ್ನು ಗೋಡೆಗೆ ಹಾಕಿದರೆ ಹೊಲಿಗೆ ಯಂತ್ರದ ಮುಂದೆ ಟಾರ್ಗೆಟ್ ಮುಗಿಸಲು ಮೂತ್ರ ತಡೆದು ಕೂತ ಹೆಂಗಸಿಗೆ ಬಿಡುವು ಕೊಡಬೇಕಾಗುತ್ತದೆ, ಊರೂರಿನ ಬಸ್ ನಿಲ್ದಾಣಕ್ಕೆ ನೀರಿರುವ ಶೌಚಾಲಯ ಬೇಕಾಗುತ್ತದೆ, ರಾತ್ರಿ ಹನ್ನೊಂದರ ಕಾಲ್ ಬೇರೆ ಹೊತ್ತಿಗೆ ಹೋಗಬೇಕಾಗುತ್ತದೆ. ಆ ಸ್ಲೈಡ್ ಮಾಡಿಸುವ ಎಚ್.ಆರ್. ವಿಭಾಗ ಯಾವುದಿದೆ?