ಬೇಟೆಗಾರನ ಕಣ್ಣು, ನಮ್ಮ ಜೇಬು

ಸ್ವರೋವ್‌ಸ್ಕಿ ತಗೊಳ್ಳೋದಾ, ಝೈಸ್ ತಗೊಳ್ಳೋದಾ, ಇಲ್ಲಾ ಲೈಕಾನಾ? ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ರಾಮನಗರದ ಕಡೆ ಹಕ್ಕಿ ನೋಡೋಕೆ ಹೊರಡೋ ಕಾರುಗಳಲ್ಲಿ ಈ ಚರ್ಚೆ ಬಿಡದಿಯ ತಟ್ಟೆ ಇಡ್ಲಿ ಮುಗಿದರೂ ಮುಗಿಯಲ್ಲ. ಮೂರರಲ್ಲಿ ಯಾರ ಮೇಲ್ದರ್ಜೆಯ ಬೈನಾಕ್ಯುಲರ್ ತಗೊಂಡ್ರೂ ಎರಡು ಲಕ್ಷ ದಾಟುತ್ತೆ. ಅಷ್ಟು ದುಡ್ಡು ಹಾಕೋರು ಯೋಚನೆ ಮಾಡ್ತಾರೆ, ಮಾಡಲೇಬೇಕು. ನನ್ನ ತಕರಾರು ಇರೋದು ಆ ಯೋಚನೆಗೆ ಬಳಸೋ ಅಳತೆಗೋಲಿನ ಬಗ್ಗೆ. ಅದರಲ್ಲಿ ಬಹುಪಾಲು ಯುರೋಪಿನ ಬೇಟೆಗಾರನದ್ದು. ಅವನ ಉತ್ತರಗಳನ್ನು ನಾವು ಎರವಲು ತಂದ್ವಿ, ಅವನ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂದ್ವಿ.

ಅವನ ಪ್ರಶ್ನೆ ಏನು? ಆಸ್ಟ್ರಿಯಾ, ಜರ್ಮನಿಗಳ ಬೇಟೆಗಾರ ಸಂಜೆ ಹೊತ್ತು ಕಾಡಂಚಿನ ಮರದ ಅಟ್ಟಣೆ ಹತ್ತಿ ಕೂರ್ತಾನೆ. ಜಿಂಕೆ ಬಯಲಿಗೆ ಬರೋದು ಬೆಳಕು ಹೋಗೋ ಹೊತ್ತಿಗೆ. ಕುದುರೆ ಎಳೆಯೋ ಮುಂಚೆ ಅವನು ಖಚಿತ ಮಾಡಿಕೊಳ್ಳಬೇಕು: ಗಂಡೋ ಹೆಣ್ಣೋ, ವಯಸ್ಸು ಎಷ್ಟಿರಬಹುದು. ಆಲ್ಪ್ಸ್ ಬೆಟ್ಟದ ಶಾಮ್ವಾ ಅನ್ನೋ ಪ್ರಾಣಿಯಲ್ಲಂತೂ ಗಂಡಿಗೂ ಕೊಂಬು, ಹೆಣ್ಣಿಗೂ ಕೊಂಬು. ತಪ್ಪಾಗಿ ಗುರುತಿಸಿದರೆ ಹೊಡೆಯಬಾರದ ಪ್ರಾಣಿ ಸತ್ತಿರುತ್ತೆ, ಆಮೇಲೆ ಕಾನೂನಿಗೆ ಉತ್ತರ ಕೊಡಬೇಕು. ಹಾಗಾಗಿ ಅವನು ಎಲ್ಲಕ್ಕಿಂತ ಮೊದಲು ಬೆಳಕು ಕೇಳ್ತಾನೆ. 8×56 ಅಂದರೆ 56ನ್ನು 8ರಿಂದ ಭಾಗಿಸಿ, 7 ಮಿ.ಮೀ. ಅಗಲದ ಬೆಳಕಿನ ಕಂಬ ಕಣ್ಣಿಗೆ ಬರುತ್ತೆ. ಕತ್ತಲಲ್ಲಿ ಹರೆಯದವರ ಪಾಪೆ ಹಿಗ್ಗೋದೂ ಸುಮಾರು ಅಷ್ಟೇ. 2012ರಲ್ಲಿ ಝೈಸ್ ತಂದ ಎಚ್‌ಟಿ ಸಾಲು ಶೇ. 95ರಷ್ಟು ಬೆಳಕನ್ನು ದಾಟಿಸುತ್ತೆ ಅನ್ನೋ ಮಾತಿನ ಮೇಲೇ ಮಾರಾಟವಾಯ್ತು. 1992ರಲ್ಲಿ ಲೈಕಾ ತನ್ನ ಜಿಯೋವಿಡ್ಡಿನಲ್ಲಿ ದೂರ ಅಳೆಯೋ ಲೇಸರ್ ಕೂರಿಸಿತು, ಯಾಕಂದ್ರೆ ದೂರ ಹೋದಷ್ಟೂ ಗುಂಡು ಕೆಳಗೆ ಬಾಗುತ್ತೆ. ಪ್ರತಿಯೊಂದು ಸೌಲಭ್ಯಕ್ಕೂ ಅಲ್ಲೊಂದು ಕಾರಣ ಇದೆ.

ನಮ್ಮಲ್ಲೂ ಬೇಟೆ ಇತ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ ಮಾಗಡಿಯ ಚಿರತೆ ಬಗ್ಗೆ ಬರೆದರು. ಆಂಡರ್ಸನ್ ಕಥೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಅಧ್ಯಾಯ ಮುಚ್ಚಿತು. ಬಂದೂಕು ಹೋಯ್ತು, ಬೈನಾಕ್ಯುಲರ್ ಉಳೀತು. ಅದರ ಜೊತೆ ಬೇಟೆಗಾರನ ಪರಿಭಾಷೆಯೂ ಉಳೀತು.

ಈಗ ರಾಮದೇವರ ಬೆಟ್ಟಕ್ಕೆ ಬನ್ನಿ. ಬಂಡೆ ಕಾದು ಬಿಸಿಗಾಳಿ ಏಳೋ ತನಕ ರಣಹದ್ದು ಹಾರಲ್ಲ, ಅಂದ್ರೆ ನಾವು ನೋಡೋದು ಚೆನ್ನಾಗಿ ಬಿಸಿಲೇರಿದ ಮೇಲೆ. ಆ ಬಿಸಿಲಲ್ಲಿ ನಿಮ್ಮ ಪಾಪೆ ಎರಡು-ಮೂರು ಮಿ.ಮೀ.ಗೆ ಕುಗ್ಗಿರುತ್ತೆ. 7 ಮಿ.ಮೀ. ಕಂಬದ ಬಹುಪಾಲು ಬೆಳಕು ಕಣ್ಣೊಳಗೆ ಹೋಗೋದೇ ಇಲ್ಲ. ಶೇ. 90ಕ್ಕೂ 95ಕ್ಕೂ ಇರೋ ವ್ಯತ್ಯಾಸ ಆ ಹೊತ್ತಲ್ಲಿ ಯಾರ ಕಣ್ಣಿಗೂ ತಿಳಿಯಲ್ಲ. ಕುತ್ತಿಗೆಯಲ್ಲಿ ಮಾತ್ರ ಕಿಲೋಗಿಂತ ಜಾಸ್ತಿ ಭಾರ ನೇತಾಡ್ತಿರುತ್ತೆ. ಇಲ್ಲಿ ಬೇಕಾಗಿರೋದು ಬೇರೆ: ಬೆಳ್ಳಗಿನ ಆಕಾಶದ ಎದುರು ಕಪ್ಪಾಗಿ ಕಾಣೋ ಹಕ್ಕಿಯ ಅಂಚಲ್ಲಿ ನೇರಳೆ ಬಣ್ಣ ಬರಬಾರದು, ಅಡ್ಡಬಿಸಿಲು ಗಾಜಿಗೆ ಬಿದ್ದರೆ ಚಿತ್ರ ಮಂಜಾಗಬಾರದು. ಇದನ್ನು ಮೂರು ಬ್ರ್ಯಾಂಡೂ ಚೆನ್ನಾಗೇ ಮಾಡುತ್ತವೆ. ಆದರೆ ಬಂಡೆ ಮೇಲೆ ನಡುಗೋ ಬಿಸಿಗಾಳಿಗೆ ಯಾರ ಹತ್ರಾನೂ ಮದ್ದಿಲ್ಲ. 10 ಪಟ್ಟು ದೊಡ್ಡದು ಮಾಡಿದರೆ ಆ ನಡುಕವೂ 10 ಪಟ್ಟು ದೊಡ್ಡದಾಗುತ್ತೆ, ಅಷ್ಟೇ.

ಇದು ಬರೀ ಶೋಕಿಯ ವಿಷಯವಾಗಿದ್ರೆ ಇಷ್ಟು ಬರೆಯೋ ಅಗತ್ಯ ಇರಲಿಲ್ಲ. ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ, ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 1992ರಿಂದ 2007ರ ನಡುವೆ ಭಾರತದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಶೇ. 90ಕ್ಕೂ ಹೆಚ್ಚು ಕಡಿಮೆಯಾದವು. ಜಾನುವಾರುಗಳಿಗೆ ಆ ಔಷಧಿ ಕೊಡೋದು 2006ರಲ್ಲಿ ನಿಷೇಧವಾಯ್ತು. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯ್ತು. ಈಗ ಅಲ್ಲಿ ಉದ್ದ ಕೊಕ್ಕಿನವು ಬೆರಳೆಣಿಕೆಯಷ್ಟು. ವರ್ಷಕ್ಕೆ ಒಂದು ಜೋಡಿ ಇಡೋದು ಒಂದೇ ಮೊಟ್ಟೆ. ಹೀಗಿರೋವಾಗ ಬಂಡೆಯ ಅಂಚಲ್ಲಿ ಕೂತ ಕಂದು ಹಕ್ಕಿ ಈಜಿಪ್ಟ್ ರಣಹದ್ದಿನ ಮರಿನಾ, ಉದ್ದ ಕೊಕ್ಕಿನದ್ದಾ? ದೊಡ್ಡದಾದ ಮೇಲೆ ಬಿಳಿಯಾಗೋ ಈಜಿಪ್ಟ್ ರಣಹದ್ದು ಮರಿಯಾಗಿದ್ದಾಗ ಕಡು ಕಂದು. ದೂರದಲ್ಲಿ ಒಂಟಿಯಾಗಿ ಕೂತಿದ್ರೆ ಗಾತ್ರ ಅಂದಾಜಾಗಲ್ಲ, ಕೊಕ್ಕು ನೋಡಬೇಕು. ಅದು ಉದ್ದ ಕೊಕ್ಕಿನ ಮರಿ ಅಂತಾದ್ರೆ ಆ ಬೆಟ್ಟದಲ್ಲಿ ಸಂತಾನ ನಡೀತಿದೆ ಅಂತ ಅರ್ಥ. ಇಷ್ಟು ಸಣ್ಣ ಲೆಕ್ಕದಲ್ಲಿ ಒಂದು ತಪ್ಪು ಗುರುತು ಇಡೀ ಕಥೆಯನ್ನೇ ಬದಲಾಯಿಸುತ್ತೆ. ಬೇಟೆಗಾರನ ಪ್ರಶ್ನೆಗೆ ಸಮನಾದ ನಮ್ಮ ಪ್ರಶ್ನೆ ಇದು. ಇದಕ್ಕೆ ಉತ್ತರ ಕೊಡೋದು ಅಲುಗಾಡದ ಚಿತ್ರ ಮತ್ತು ತಾಳ್ಮೆ. ಕೈಯಲ್ಲಿ ಹಿಡಿದ ಎರಡು ಲಕ್ಷದ ಗಾಜಿಗಿಂತ ಟ್ರೈಪಾಡ್ ಮೇಲೆ ಕೂತ ಸಾಧಾರಣ ಬೈನಾಕ್ಯುಲರ್ ಹೆಚ್ಚು ವಿವರ ತೋರಿಸುತ್ತೆ.

ಹಾಗಂತ ದುಬಾರಿ ಗಾಜೆಲ್ಲ ಬೂಟಾಟಿಕೆ ಅಂತ ಅಲ್ಲ. ಮಾಗಡಿಯ ಸಾವನದುರ್ಗದ ಬಂಡೆಗಳ ನಡುವಿನ ಕುರುಚಲಲ್ಲಿ ಹಳದಿ ಕೊರಳಿನ ಪಿಕಳಾರ ಸಿಗುತ್ತೆ. ಒಂದು ಪೊದೆಯಿಂದ ಇನ್ನೊಂದಕ್ಕೆ ಹಾರಿ ಮಾಯವಾಗೋ ಹಕ್ಕಿ. ಅದರ ಹಿಂದೆ ಬಿದ್ದಾಗ ನೋಟದ ಅಗಲ ದುಡ್ಡಿಗೆ ತಕ್ಕ ಕೆಲಸ ಮಾಡುತ್ತೆ. ಸಾವಿರ ಮೀಟರ್ ದೂರದಲ್ಲಿ ಸ್ವರೋವ್‌ಸ್ಕಿ ಎನ್‌ಎಲ್ ಪ್ಯೂರ್ 8×42 ತೋರಿಸೋದು 159 ಮೀಟರ್ ಅಗಲ, ಝೈಸ್ ಎಸ್‌ಎಫ್ 148, ಲೈಕಾ ನಾಕ್ಟಿವಿಡ್ 135. ತೂಕ ಅದೇ ಕ್ರಮದಲ್ಲಿ 840, 780, 860 ಗ್ರಾಂ. ಬೆಟ್ಟ ಹತ್ತೋರಿಗೆ, ನಮ್ಮ ಹಾಗೆ ಮಾನಿಟರ್ ನೋಡಿ ನೋಡಿ ಕನ್ನಡಕ ಬಂದೋರಿಗೆ, ಇಲ್ಲಿ ಆಯ್ಕೆ ನಿಜವಾದದ್ದು.

ಇನ್ನು ಬೇಟೆಗಾರನ ಪ್ರಶ್ನೆ ಇವತ್ತಿಗೂ ಹಾಗೇ ಉಳಿದಿರೋದು ಎಲ್ಲಿ ಗೊತ್ತಾ? ಕನಕಪುರ, ಚನ್ನಪಟ್ಟಣದ ಕಾಡಂಚಿನ ಹೊಲಗಳಲ್ಲಿ. ಕಾವೇರಿ ವನ್ಯಧಾಮದ ಕಡೆಯಿಂದ ಆನೆ ಹೊರಡೋದು ಮುಸ್ಸಂಜೆಗೆ. ಒಂಟಿ ಸಲಗನಾ, ಮರಿ ಇರೋ ಹಿಂಡಾ, ಮುಖ ಯಾವ ಕಡೆ? ರಾಗಿ ಹೊಲದಲ್ಲಿ ಕಾವಲು ಕೂತೋರಿಗೆ ಇದು ಜೀವದ ಪ್ರಶ್ನೆ, ಅದೂ ಬೆಳಕು ಸತ್ತ ಹೊತ್ತಲ್ಲಿ. ಅಲ್ಲಿರೋದು ಟಾರ್ಚು, ಪಟಾಕಿ. ಒಂದು ಸಾಧಾರಣ 7×50 ಕೂಡ 7 ಮಿ.ಮೀ. ಬೆಳಕು ಕೊಡುತ್ತೆ, ಎರಡು ಲಕ್ಷದ ಹತ್ತರಲ್ಲೊಂದು ಭಾಗಕ್ಕೂ ಕಮ್ಮಿ ಬೆಲೆಗೆ. ಮುಸ್ಸಂಜೆಗೆ ಅಂತ ಮಾಡಿದ ಗಾಜು ಮಧ್ಯಾಹ್ನದ ಬಿಸಿಲಲ್ಲಿ ನಮ್ಮ ಕುತ್ತಿಗೆಯಲ್ಲಿದೆ. ಮುಸ್ಸಂಜೆಯಲ್ಲಿ ನೋಡಬೇಕಾದೋರ ಕೈ ಖಾಲಿ.

ಹಾಗಾದ್ರೆ ಆರಿಸೋದು ಹೇಗೆ? ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ರೇಷ್ಮೆಗೂಡನ್ನು ಕೈಗೆತ್ತಿಕೊಂಡು ಪರೀಕ್ಷೆ ಮಾಡದೆ ಯಾವ ರೀಲರೂ ಬೆಲೆ ಕಟ್ಟಲ್ಲ. ನೀವೂ ಅದನ್ನೇ ಮಾಡಿ. ಗೆಳೆಯರದ್ದು ಎರವಲು ತಗೊಳ್ಳಿ, ನೀವು ನೋಡೋ ಜಾಗಕ್ಕೆ, ನೋಡೋ ಹೊತ್ತಿಗೇ ತಗೊಂಡು ಹೋಗಿ. ಶೋರೂಮಿನ ಟ್ಯೂಬ್‌ಲೈಟಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತವೆ.

ನನ್ನ ತೀರ್ಪು ಕೇಳಿದ್ರೆ: ಬೆಟ್ಟ ಹತ್ತಿ ಪೊದೆಹಕ್ಕಿ ಹುಡುಕೋರು, ದುಡ್ಡಿದ್ರೆ, ಎಸ್‌ಎಫ್ ಅಥವಾ ಎನ್‌ಎಲ್ ತಗೊಳ್ಳಿ. ರಣಹದ್ದಿಗೆ ಅಂತಲೇ ಹೋಗೋರು ಅದರ ಕಾಲು ಭಾಗದ ಬೆಲೆಯ ಒಳ್ಳೆ 8×42 ತಗೊಂಡು, ಉಳಿದ ದುಡ್ಡಲ್ಲಿ ಟ್ರೈಪಾಡು, ಸ್ಪಾಟಿಂಗ್ ಸ್ಕೋಪು ನೋಡಿ. ಯಾವ ಬ್ರ್ಯಾಂಡ್ ಅಂತ ಬೆಟ್ಟದ ಮೇಲಿನ ಹದ್ದು ಕೇಳಲ್ಲ. ಮನೆಗೆ ಬಂದು ನೋಟ್‌ಬುಕ್ಕಲ್ಲಿ 'ಉದ್ದ ಕೊಕ್ಕು, ಮರಿ 1' ಅಂತ ಅನುಮಾನ ಇಲ್ಲದೆ ಬರೆಯೋಕೆ ಆಯ್ತಾ? ಅಷ್ಟಾದ್ರೆ ನೀವು ಸರಿಯಾದದ್ದನ್ನೇ ಕೊಂಡಿದ್ದೀರಿ.