ಯಂತ್ರಮಾನವನ ಪ್ರಣಯ: ‘ಹಾಲಿವುಡ್’ ಚಲಚ್ಚಿತ್ರವನ್ನು ಕುರಿತು

೨೦೦೨ರಲ್ಲಿ ತೆರೆಕಂಡ ‘ಹಾಲಿವುಡ್’ ಎಂಬ ಕನ್ನಡ ಚಲಚ್ಚಿತ್ರವನ್ನು ಸಂಶೋಧನ ಪತ್ರಿಕೆಯಲ್ಲಿ ಚರ್ಚಿಸುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಆದರೆ ಮನುಷ್ಯನನ್ನೇ ಹೋಲುವ ಯಂತ್ರವನ್ನು ಕಥೆಯ ನಡುವೆ ನಿಲ್ಲಿಸಿದ ಭಾರತೀಯ ಚಿತ್ರಗಳಲ್ಲಿ ಇದು ಮುಂಚಿನದು. ಶಂಕರ್ ಅವರು ರಜನೀಕಾಂತರನ್ನು ನಾಯಕರನ್ನಾಗಿಸಿ ತಮಿಳಿನಲ್ಲಿ ತೆಗೆದ ‘ಎಂದಿರನ್’ ಬಂದುದು ಎಂಟು ವರ್ಷಗಳ ತರುವಾಯ, ೨೦೧೦ರಲ್ಲಿ. ಯಂತ್ರಮಾನವನೆಂದೊಡನೆ ನಮ್ಮ ವಿದ್ಯಾರ್ಥಿಗಳು ತಮಿಳಿನ ಚಿಟ್ಟಿಯನ್ನು ಹೆಸರಿಸುತ್ತಾರೆ, ಕನ್ನಡದ ಯು.ಎಸ್. ೪೭ನ್ನು ಬಲ್ಲವರು ವಿರಳ. ಈ ಮರೆವಿಗೆ ಕಾರಣವು ಪ್ರೇಕ್ಷಕರಲ್ಲಿದೆಯೋ ಚಿತ್ರದಲ್ಲಿಯೇ ಇದೆಯೋ ಎಂಬುದು ವಿಚಾರಾರ್ಹವಾಗಿದೆ.

ಚಿತ್ರದ ನಿರ್ದೇಶಕರು ದಿನೇಶ್ ಬಾಬು. ಕಥೆಯನ್ನು ಬರೆದ ಉಪೇಂದ್ರರು ತಾವೇ ಮೂರು ಪಾತ್ರಗಳಲ್ಲಿ ಕಾಣಿಸಿಕೊಂಡಿದ್ದಾರೆ, ಅವುಗಳಲ್ಲೊಂದು ಯಂತ್ರ. ನಾಯಿಕೆ ಫೆಲಿಸಿಟಿ ಮೇಸನ್ ಪರದೇಶದ ನಟಿ. ಮನುಷ್ಯನು ಮೆಚ್ಚಿದವಳನ್ನೇ ಅವನ ಪ್ರತಿರೂಪವಾದ ಯಂತ್ರವೂ ಮೆಚ್ಚುತ್ತದೆ ಎಂಬುದೇ ಕಥೆಯ ಗಂಟು. ೧೯೭೮ರ ‘ಶಂಕರ್ ಗುರು’ವಿನಲ್ಲಿ ರಾಜ್‌ಕುಮಾರರು ತಂದೆಯಾಗಿಯೂ ಇಬ್ಬರು ಮಕ್ಕಳಾಗಿಯೂ ಅಭಿನಯಿಸಿದುದನ್ನು ಕಂಡು ನಲಿದವರು ನಮ್ಮ ಪ್ರೇಕ್ಷಕರು. ಒಬ್ಬ ನಟನನ್ನು ಮೂವರಾಗಿ ನೋಡುವ ಆ ಹಳೆಯ ಸಂತೋಷವೇ ಇಲ್ಲಿ ವಿಜ್ಞಾನದ ಅಂಗಿ ತೊಟ್ಟು ಬಂದಿದೆ. ಇದನ್ನು ನಾವು ಆಕ್ಷೇಪವಾಗಿ ಹೇಳುತ್ತಿಲ್ಲ. ಹೊಸ ವಸ್ತುವು ಹಳೆಯ ಅಚ್ಚಿನಲ್ಲಿ ಇಳಿದು ಬರುವುದು ಇತಿಹಾಸದಲ್ಲಿ ಸಾಮಾನ್ಯ ಸಂಗತಿ.

ಅಚ್ಚು ಇನ್ನೂ ಹಳೆಯದೆಂದು ನಮ್ಮ ಊಹೆ. ಮಹಾಭಾರತದ ವನಪರ್ವದಲ್ಲಿ ನಳನು ದೇವತೆಗಳ ದೂತನಾಗಿ ದಮಯಂತಿಯ ಬಳಿಗೆ ಹೋಗುತ್ತಾನೆ. ದೂತನೇ ಪ್ರಣಯಿಯೂ ಹೌದು. ಸ್ವಯಂವರದಲ್ಲಿ ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪವನ್ನೇ ತಾಳಿ ಕುಳಿತಾಗ ದಮಯಂತಿಯು ನಿಜವಾದ ಮನುಷ್ಯನನ್ನು ಹೇಗೆ ಗುರುತಿಸಿದಳು? ದೇವತೆಗಳು ಬೆವರುವುದಿಲ್ಲ, ಅವರ ಕಣ್ಣೆವೆ ಬಡಿಯುವುದಿಲ್ಲ, ಮಾಲೆ ಬಾಡುವುದಿಲ್ಲ, ಕಾಲು ನೆಲಕ್ಕೆ ತಾಕುವುದಿಲ್ಲ. ಬೆವರಿದವನು, ಧೂಳು ಮೆತ್ತಿದವನು, ನೆರಳುಳ್ಳವನು ನಳ. ಮನುಷ್ಯತ್ವದ ಲಕ್ಷಣಗಳೆಲ್ಲ ಇಲ್ಲಿ ಕುಂದುಗಳೇ ಆಗಿರುವುದು ಗಮನಾರ್ಹ. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರಿಗೆ ಈ ಕಥೆ ಪರಿಚಿತವಾದುದು. ‘ಹಾಲಿವುಡ್’ ಚಿತ್ರವು ಇದೇ ಸನ್ನಿವೇಶವನ್ನು ಕೈಗೆತ್ತಿಕೊಂಡಿದ್ದರೂ ಅದನ್ನು ಹಾಸ್ಯ ಪ್ರಣಯಗಳ ಆಚೆಗೆ ಒಯ್ಯುವುದಿಲ್ಲ. ಯಂತ್ರವು ಪ್ರೀತಿಸಿತೆಂದ ಮಾತ್ರಕ್ಕೆ ಮನುಷ್ಯನಿಗೆ ಸಮೀಪವಾಯಿತೆಂದು ಅದು ನಂಬಿಬಿಡುತ್ತದೆ.

ನಾವಿರುವ ಕುಂದಗೋಳವು ಇದನ್ನು ಅಷ್ಟು ಸುಲಭವಾಗಿ ಒಪ್ಪುವ ಊರಲ್ಲ. ಸವಾಯಿ ಗಂಧರ್ವರ ಊರಿದು. ಭೀಮಸೇನ ಜೋಶಿಯವರು ಇಲ್ಲಿ ಗುರುವಿನ ಮನೆಗೆ ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತ ಕಲಿತರು. ಶಿಷ್ಯನು ಮೊದಲು ಗುರುವಿನ ಕಂಠವನ್ನು ಅನುಕರಿಸುತ್ತಾನೆ. ಆ ಅನುಕರಣದಿಂದ ಸ್ವಂತ ಕಂಠ ಹೊರಡಲು ವರ್ಷಗಳೇ ಬೇಕು. ‘ಎಂದಿರನ್’ದ ಚಿಟ್ಟಿಗೆ ಕಾಲದ ಈ ಋಣವೇ ಇಲ್ಲ: ಗ್ರಂಥವನ್ನು ಕಣ್ಣೋಟದಲ್ಲಿಯೇ ನುಂಗಿಬಿಡುತ್ತಾನೆ.

ಇನ್ನು ‘ರೋಬೋಟ್’ ಎಂಬ ಶಬ್ದದ ವಿಚಾರ. ಚೆಕ್ ಲೇಖಕ ಕಾರೆಲ್ ಚಾಪೆಕ್‌ನು ೧೯೨೦ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕದಿಂದ ಅದು ಪ್ರಚಾರಕ್ಕೆ ಬಂದಿತು. ಚೆಕ್ ಭಾಷೆಯ ‘ರೋಬೋಟ’ ಎಂದರೆ ಒಡೆಯನಿಗೆ ಒಕ್ಕಲು ಮಾಡಬೇಕಾದ ಕಡ್ಡಾಯದ ದುಡಿಮೆ. ನಮ್ಮ ಶಾಸನಗಳ ‘ಬಿಟ್ಟಿ’ ಎಂಬುದಕ್ಕೆ ಬಹುಮಟ್ಟಿಗೆ ಸಮಾನ. ಆ ನಾಟಕದ ಕೃತಕ ಮಾನವರು ದುಡಿಯುವ ಆಳುಗಳು, ಕೊನೆಗೆ ದಂಗೆಯೇಳುವರು. ಹನ್ನೊಂದನೆಯ ಶತಮಾನದ ಭೋಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಬರುವ ಯಂತ್ರದ ಗೊಂಬೆಗಳೂ ಅರಮನೆಯ ಊಳಿಗದವೇ. ಚಿಟ್ಟಿಯನ್ನಾದರೂ ಅವನ ನಿರ್ಮಾತೃವು ಸೈನ್ಯದ ಸೇವೆಗೆಂದು ಸಿದ್ಧಪಡಿಸುತ್ತಾನೆ. ನಮ್ಮ ಯು.ಎಸ್. ೪೭ಕ್ಕೆ ಪ್ರೀತಿಸುವುದೇ ಮುಖ್ಯ ಉದ್ಯೋಗ! ಚಿತ್ರದ ನಿಜವಾದ ಕೊರತೆ ಇಲ್ಲಿದೆ. ಕಥೆಯನ್ನು ಅಮೇರಿಕೆಗೆ ಸಾಗಿಸಿದುದರಿಂದ ದುಡಿಮೆಯ ಪ್ರಶ್ನೆಯು ತೆರೆಯಿಂದ ಸುಲಭವಾಗಿ ಜಾರಿಹೋಯಿತು.

ಈ ಮಾತನ್ನು ತರಗತಿಯಲ್ಲಿ ಪ್ರಸ್ತಾಪಿಸಿ, ಅಂಥ ಯಂತ್ರ ನಿಮ್ಮ ಮನೆಗೆ ಬಂದರೆ ಯಾವ ಕೆಲಸ ಕೊಡುವಿರೆಂದು ಕೇಳಿದೆವು. ಹುಡುಗನೊಬ್ಬ ಮೆಣಸಿನಕಾಯಿ ಬಿಡಿಸಲು ಹಚ್ಚುವೆನೆಂದ. ಹಿಂದಿನ ಸಾಲಿನ ಹುಡುಗಿ ಎದ್ದು, “ಮತ್ತ ನಮ್ಮವ್ವಗ ಕೂಲಿ ಎಲ್ಲಿ ಸಿಗತೈತ್ರಿ, ಸರ್?” ಎಂದಳು. ಆ ದಿನದ ಪಾಠ ಕೈಗಾರಿಕಾ ಕ್ರಾಂತಿಯದಾಗಿತ್ತು. ಉಳಿದ ಅವಧಿಯೆಲ್ಲ ಈ ಪ್ರಶ್ನೆಯಲ್ಲಿಯೇ ಕಳೆಯಿತು.